ಲಂಗರಿನ ಕೊಂಡಿ

ಮಂಗಳೂರಿನ ಬಂದರು ಎಂದೊಡನೆ ನಮಗೆ ಝೀನತ್ ಬಕ್ಷ್ ಮಸೀದಿ, ಸಗಟು ಅಂಗಡಿಗಳು, ಒಣಮೀನಿನ ವಾಸನೆ ನೆನಪಾಗುತ್ತವೆ. ಇನ್ನೂ ಸ್ವಲ್ಪ ಮುಂದೆ ನಡೆದರೆ ಗುರುಪುರ ನದಿಯ ದಡದಲ್ಲಿ ಹಳೆ ಬಂದರು. ಮಳೆಗಾಲ ಕಳೆದ ಮೇಲೆ ಇಲ್ಲಿಂದ ಮಂಜಿಗಳು ತರಕಾರಿ, ದಿನಸಿ, ಸಿಮೆಂಟ್ ಹೊತ್ತು ಲಕ್ಷದ್ವೀಪಕ್ಕೆ ಹೊರಡುತ್ತವೆ. ಹತ್ತಿರದ ಧಕ್ಕೆಯಲ್ಲಿ ಮೀನುಗಾರಿಕಾ ದೋಣಿಗಳ ಸಾಲು.

ದೋಣಿಯನ್ನು ನಿಲ್ಲಿಸುವುದು ಲಂಗರು ಎಂದು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಲಂಗರನ್ನು ಸರಪಳಿಗೆ ಜೋಡಿಸುವುದು ಅಂಗೈಯಲ್ಲಿ ಹಿಡಿಸುವ ಒಂದು ಕಬ್ಬಿಣದ ಕೊಂಡಿ. ಅದರ ಹೆಸರು ಶ್ಯಾಕಲ್. ಅದು ಮುರಿದರೆ ಲಂಗರು ತಳದಲ್ಲೇ ಉಳಿದು, ದೋಣಿ ಗಾಳಿಯ ಪಾಲಾಗುತ್ತದೆ.

ದೋಣಿ ಸಾಮಾನಿನ ಅಂಗಡಿಯೊಂದರಲ್ಲಿ ಹಿರಿಯರೊಬ್ಬರು ಎರಡು ಶ್ಯಾಕಲ್‌ಗಳನ್ನು ಮುಂದಿಟ್ಟು, "ಟೀಚರ್, ಇವೆರಡರಲ್ಲಿ ಯಾವುದು ಗಟ್ಟಿ?" ಎಂದು ಕೇಳಿದರು. ನೋಡಲು ಎರಡೂ ಒಂದೇ. ಆದರೆ ಒಂದರ ಮೈಮೇಲೆ ತಯಾರಕರ ಗುರುತು ಮತ್ತು ಹೊರಬಲ್ಲ ಭಾರದ ಅಂಕಿ ಉಬ್ಬಚ್ಚಿನಲ್ಲಿತ್ತು. ಇನ್ನೊಂದರ ಮೈ ಬರಿದು. ಬರಿದಾದುದರ ಬಲ ಮಾರುವವರಿಗೂ ಗೊತ್ತಿರುವುದಿಲ್ಲ, ಕೊಳ್ಳುವವರಿಗೂ ಗೊತ್ತಿರುವುದಿಲ್ಲ.

ಅರ್ಧ ಇಂಚಿನ ಉತ್ತಮ ಶ್ಯಾಕಲ್ ಮೇಲೆ ಸಾಮಾನ್ಯವಾಗಿ 2 ಟನ್ ಎಂದಿರುತ್ತದೆ. ಅದು ಮುರಿಯುವ ಮಿತಿಯಲ್ಲ, ನಿಶ್ಚಿಂತೆಯಿಂದ ಹೊರಿಸಬಹುದಾದ ಭಾರ. ಮುರಿಯುವ ಬಲ ಅದರ ಐದಾರು ಪಟ್ಟು ಇರುವಂತೆ ತಯಾರಿಸಿರುತ್ತಾರೆ. ಈ ಅಂಕಿ ಸರಪಳಿಯ ಅಂಕಿಗಿಂತ ಕಡಿಮೆ ಇರಬಾರದು. ಗಾಳಿ ತಿರುಗಿ ಎಳೆತ ಪೂರ್ತಿ ಅಡ್ಡಕ್ಕೆ ಬಿದ್ದರೆ ಬಲ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಸ್ವಲ್ಪ ಹೆಚ್ಚಿನದನ್ನೇ ಆರಿಸುವುದು ಜಾಣತನ. ತಿರುಪಿನ ಪಿನ್ ಅಲುಗಾಟಕ್ಕೆ ಸಡಿಲವಾಗದಂತೆ ತಂತಿಯಿಂದ ಬಿಗಿಯಾಗಿ ಕಟ್ಟಬೇಕು. ಸತುವಿನ ಲೇಪ ಹೋಗಿ ತುಕ್ಕು ತಿಂದ, ಸವೆದು ತೆಳ್ಳಗಾದ, ಪಿನ್ ಬಾಗಿದ ಶ್ಯಾಕಲನ್ನು ಬದಲಾಯಿಸಲೇಬೇಕು.

ಸಹೋದರಿಯರೇ, ಚಿನ್ನದ ಸರ ಕೊಳ್ಳುವಾಗ ನಾವು ಹಾಲ್‌ಮಾರ್ಕ್ ನೋಡುತ್ತೇವೆ, ಕೊಂಡಿಯನ್ನು ಎಳೆದು ಪರೀಕ್ಷಿಸುತ್ತೇವೆ. ಸರ ಕಳೆದುಹೋದರೆ ಇನ್ನೊಂದನ್ನು ಮಾಡಿಸಬಹುದು. ಕಡಲಿಗೆ ಹೋದ ಮನೆಯವರ ವಿಷಯ ಹಾಗಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕಾ ನಿಷೇಧದ ವೇಳೆ ದೋಣಿಗಳು ದುರಸ್ತಿಗೆ ಬರುತ್ತವೆ. ಬಣ್ಣಕ್ಕೆ, ಬಲೆಗೆ, ಇಂಜಿನ್‌ಗೆ ಖರ್ಚಿನ ಲೆಕ್ಕ ಬರೆಯುವಾಗ, "ಲಂಗರಿನ ಶ್ಯಾಕಲ್ ನೋಡಿದಿರಾ? ಅದರ ಮೇಲೆ ಅಂಕಿ ಇದೆಯಾ?" ಎಂದು ಮನೆಯವರನ್ನು ಕೇಳುವುದು ಅಧಿಕಪ್ರಸಂಗವಲ್ಲ.