ತೆನೆ ಊದಿದ ಹಾಗೆ

ಗುರುವಾರ ಬೆಳಗ್ಗೆ ಹತ್ತೂವರೆ. ಉಚ್ಚಂಗಿದುರ್ಗದ ಗುಡ್ಡದ ತಲೆಗೆ ಭಾದ್ರಪದದ ಮೋಡ ಇಳಿದಿದೆ. ಮೇಲಿನ ಕೋಟೆಗೋಡೆ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಉಚ್ಚಂಗೆಮ್ಮನ ಗುಡಿಗೆ ಹತ್ತುವ ಮೆಟ್ಟಿಲ ಮೇಲೆ ಜನವಿಲ್ಲ, ಹುಣ್ಣಿಮೆ ಇನ್ನೂ ದೂರ. ಕೆಳಗೆ ಅಂಗನವಾಡಿಯ ಬಾಗಿಲಲ್ಲಿ ಮಾತ್ರ ಚಪ್ಪಲಿಗಳ ರಾಶಿ. ಗುರುವಾರ ಅಂದರೆ ಲಸಿಕೆಯ ದಿನ.

ಒಳಗೆ ಬನ್ನಿ. ಸ್ವಲ್ಪ ಸರಿದು ಬರಬೇಕು, ಜಗಲಿಯ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡು ಒಬ್ಬ ಹುಡುಗ ನಿಂತಿದ್ದಾನೆ. ಐದು ತುಂಬಿದೆ. ಮೂಗು ಸೋರುತ್ತಿದೆ, ಕಾಲ ಬೆರಳುಗಳು ನೆಲವನ್ನು ಗಟ್ಟಿಯಾಗಿ ಹಿಡಿದಿವೆ. ಪಕ್ಕದಲ್ಲಿ ಅವನ ಅಜ್ಜಿ, ಸೆರಗಿನಲ್ಲಿ ಸುಟ್ಟ ಮೆಕ್ಕೆಜೋಳದ ಎರಡು ತೆನೆ. ಹಿಂದೆ ಅವನ ಅಕ್ಕ, ಹತ್ತು ವರ್ಷದವಳು, ಶಾಲೆಯ ಸಮವಸ್ತ್ರದಲ್ಲಿ.

“ಸುಮ್ನಿರಲೇ. ಅತ್ತರೆ ಇನ್ನೂ ದೊಡ್ಡ ಸೂಜಿ ಮಾಡ್ತಾರ ನೋಡು” ಎನ್ನುತ್ತಾಳೆ ಅಜ್ಜಿ.

ಹುಡುಗನ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ.

ಈ ಮಾತನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ಊಟ ಮಾಡದಿದ್ದರೆ ಸೂಜಿ, ಮಲಗದಿದ್ದರೆ ಸೂಜಿ, ಹಟ ಮಾಡಿದರೆ ಡಾಕ್ಟರಮ್ಮ ಬರ್ತಾಳೆ. ಈ ಹುಡುಗನ ತಾಯಿಯನ್ನು ಕೇಳಿದೆ, ಇವನಿಗೆ ಕೊನೆಯ ಸೂಜಿ ಮಾಡಿಸಿದ್ದು ಯಾವಾಗ? ಒಂದೂವರೆ ವರ್ಷದವನಿದ್ದಾಗ, ಆಮೇಲೆ ಒಂದೂ ಇಲ್ಲ. ಅಂದರೆ ಸೂಜಿಯ ನೋವು ಅವನಿಗೆ ನೆನಪೇ ಇರಲಾರದು. ಕಂಬ ಹಿಡಿಸಿರುವ ಈ ಭಯ ಕಿವಿಯಿಂದ ಒಳಗೆ ಹೋದದ್ದು. ಮೂರೂವರೆ ವರ್ಷ ಮನೆಯವರೆಲ್ಲ ಪ್ರೀತಿಯಿಂದಲೇ ಅದನ್ನು ಅವನೊಳಗೆ ತುಂಬಿದ್ದಾರೆ.

ಕೋಣೆಯೊಳಗೆ ನರ್ಸಮ್ಮ ಲಸಿಕೆಯ ನೀಲಿ ಡಬ್ಬಿ ತೆರೆದಿದ್ದಾರೆ. ನಾಲ್ಕು ಬದಿಗೂ ಐಸ್ ಪ್ಯಾಕ್, ನಡುವೆ ಪುಟ್ಟ ಸೀಸೆಗಳು. ಬಳಸಿದ ಸೂಜಿ ಕತ್ತರಿಸುವ ಸಾಧನ, ಹತ್ತಿ, ರಿಜಿಸ್ಟರು. ಮೇಜನ್ನು ಅವರು ಬಾಗಿಲಿಗೆ ಬೆನ್ನಾಗಿ ತಿರುಗಿಸಿ, ನಡುವೆ ಹಳೆ ಸೀರೆಯೊಂದನ್ನು ಹಗ್ಗಕ್ಕೆ ಇಳಿಬಿಟ್ಟಿದ್ದಾರೆ. ಒಂದು ಮಗು ಅತ್ತರೆ ಸಾಲಿನಲ್ಲಿರುವ ಹತ್ತೂ ಅಳುತ್ತವೆ ಎಂಬುದು ಅವರ ಅನುಭವ. ಸೀರೆ ದನಿಯನ್ನು ತಡೆಯುವುದಿಲ್ಲ. ಆದರೆ ಸೂಜಿ ಒಳಗೆ ಹೋಗುವುದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ ದೊಡ್ಡದು.

ಮೊದಲ ಸರದಿ ಮೂರೂವರೆ ತಿಂಗಳ ಕೂಸಿನದು. ಹದಿನಾಲ್ಕನೇ ವಾರದ ಲಸಿಕೆ: ಬಾಯಿಗೆ ಹನಿ, ಆಮೇಲೆ ಮೂರು ಸೂಜಿ. ನರ್ಸಮ್ಮ ಆ ತಾಯಿಗೆ, “ಕೂಸಿಗೆ ಎದೆಗೆ ಹಾಕ್ಕೊಳಮ್ಮ, ಹಾಲು ಕುಡೀತಾ ಇರಲಿ” ಎಂದರು. ಬಾಣಂತಿಗೆ ಸಂಕೋಚ, ನೆತ್ತಿಗೇರುತ್ತದೇನೋ ಎಂಬ ಅಂಜಿಕೆ. ಆಶಾ ಕಾರ್ಯಕರ್ತೆ ಸೆರಗು ಮರೆಮಾಡಿ ನಿಂತಳು. ಕೂಸು ಚಪ್ಪರಿಸತೊಡಗಿದ ಮೇಲೆಯೇ ಸೂಜಿ. ಒಂದು ಚೀರು, ಎರಡನೆಯದಕ್ಕೆ ಇನ್ನೊಂದು ಚೀರು, ಮೂರನೆಯದು ಮುಗಿದ ಮೇಲೆ ಕೂಸು ಬಿಕ್ಕುತ್ತಲೇ ಮತ್ತೆ ಎದೆಗೆ ಬಾಯಿ ಹಾಕಿತು. ಹಾಲುಣಿಸುತ್ತಿರುವಾಗಲೇ ಚುಚ್ಚಿದರೆ ಕೂಸಿಗೆ ನೋವು ಕಡಿಮೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯ ಹೊತ್ತಿನ ನೋವನ್ನು ತಗ್ಗಿಸುವುದರ ಬಗ್ಗೆಯೇ ತನ್ನ ನಿಲುವನ್ನು ಪ್ರಕಟಿಸಿದಾಗ ಇದನ್ನೂ ಹೇಳಿತು. ಮಗುವನ್ನು ಅಂಗಾತ ಮಲಗಿಸದೆ ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಳ್ಳಿ ಎಂದಿತು. ಹೆಚ್ಚು ಉರಿಯುವ ಲಸಿಕೆ ಕೊನೆಗಿರಲಿ ಎಂದಿತು. ಇದಕ್ಕೆಲ್ಲ ಒಂದು ರೂಪಾಯಿ ಖರ್ಚಿಲ್ಲ. ಬೇಕಾದದ್ದು ಎರಡು ನಿಮಿಷದ ತಾಳ್ಮೆ. ಸಾಲು ಉದ್ದವಿದ್ದಾಗ ಆ ಎರಡು ನಿಮಿಷವೇ ದುಬಾರಿ ಎಂಬುದೂ ನನಗೆ ಗೊತ್ತು.

ನನ್ನ ಕಾಲದಲ್ಲಿ ಶಾಲೆಯ ಬಾಗಿಲು ಹಾಕಿ ಚುಚ್ಚುತ್ತಿದ್ದರು. ಇಬ್ಬರು ದೊಡ್ಡ ಹುಡುಗರು ಕೈ ಹಿಡಿಯುತ್ತಿದ್ದರು, ಒಬ್ಬ ತಲೆ. ಸೂಜಿಯ ನೋವು ಅವತ್ತೇ ಹೋಯಿತು. ಆ ಕೈಗಳ ಹಿಡಿತ ಮಾತ್ರ ಇವತ್ತಿಗೂ ಮೈಯಲ್ಲಿದೆ. ರಕ್ತ ಪರೀಕ್ಷೆಗೆ ತೋಳು ಚಾಚಿದಾಗಲೆಲ್ಲ ಅದು ಎದ್ದು ಬರುತ್ತದೆ.

ಕಂಬದ ಹುಡುಗನ ಸರದಿ ಬಂತು. ಅವನನ್ನು ಎಳೆದು ತರಲು ಅಜ್ಜಿ ಎದ್ದಳು. ನರ್ಸಮ್ಮ, “ಬ್ಯಾಡ ಅಜ್ಜಿ, ಬಿಡ್ರಿ” ಎಂದು ತಾವೇ ಹೊರಗೆ ಬಂದು ಜಗಲಿಯ ಮೇಲೆ ಅವನ ಮಟ್ಟಕ್ಕೆ ಕುಕ್ಕರುಗಾಲಲ್ಲಿ ಕೂತರು. ಕೈಯಲ್ಲಿ ಒಂದು ಸೀಸೆ ಮಾತ್ರ.

“ನನಗೊಂದು ಕೆಲಸ ಮಾಡಿಕೊಡ್ತೀಯೇನಪ್ಪಾ? ನನ್ನ ಕಣ್ಣು ಮಂಜು. ಈ ದುಂಡನೆ ಗುರುತಿನೊಳಗೆ ಒಂದು ಚೌಕ ಐತಲ್ಲ, ಅದು ಬೆಳ್ಳಗೈತೋ, ಹೊರಗಿನ ಬಣ್ಣಾನೇ ಆಗೈತೋ?”

ಹುಡುಗ ಒಂದು ಕೈ ಬಿಟ್ಟ. ಸೀಸೆಯ ಚೀಟಿಯ ಮೇಲೆ ಕಡಲೆಬೇಳೆಯಷ್ಟು ನೇರಳೆ ವೃತ್ತ, ಅದರ ನಡುವೆ ಬಿಳಿ ಚೌಕ. ಲಸಿಕೆಗೆ ಬಿಸಿ ತಾಗಿದಷ್ಟೂ ಆ ಚೌಕ ಕಪ್ಪಾಗುತ್ತ ಹೋಗುತ್ತದೆ. ಹೊರಗಿನ ವೃತ್ತದ ಬಣ್ಣಕ್ಕೆ ಸಮವಾದರೆ ಸೀಸೆಯನ್ನು ಬಳಸುವಂತಿಲ್ಲ. ಹುಡುಗ ಮೂಗು ಏರಿಸಿ ನೋಡಿದ.

“ಬೆಳ್ಳಗೈತಿ.”

“ಹಂಗಾದ್ರೆ ಮದ್ದು ಚಲೋ ಐತಿ. ನೀನೇ ಪಾಸು ಮಾಡಿದಿ.”

ಅವನು ಇನ್ನೊಂದು ಕೈಯನ್ನೂ ಬಿಟ್ಟ. ಆಮೇಲೆ ಕೇಳಿದ, ಬಹಳ ಸಣ್ಣ ದನಿಯಲ್ಲಿ: “ನೋವಾಗ್ತೈತಾ?”

ಜಗಲಿಯ ಮೇಲಿದ್ದ ನಾಲ್ಕೈದು ಹೆಂಗಸರು ಒಟ್ಟಿಗೇ ಬಾಯಿ ತೆರೆದರು, “ಏನೂ ಆಗಲ್ಲ ತಗಾ.” ನರ್ಸಮ್ಮ ಕೈಯೆತ್ತಿ ತಡೆದರು.

“ಆಗ್ತೈತಿ. ಕೆಂಪಿರುವೆ ಕಚ್ಚಿದಷ್ಟು. ಹತ್ತು ಎಣಿಸೋದ್ರೊಳಗೆ ಇಳೀತೈತಿ.”

ಹೊಲದಲ್ಲಿ ಆಡುವ ಹುಡುಗನಿಗೆ ಕೆಂಪಿರುವೆ ಗೊತ್ತು. ಅದು ಎಷ್ಟು ಉರಿಯುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ ಎಂಬ ಲೆಕ್ಕ ಅವನ ಹತ್ತಿರವೇ ಇದೆ. ‘ಏನೂ ಆಗಲ್ಲ’ ಎಂದು ಚುಚ್ಚಿಸಿದರೆ ಅರೆಗಳಿಗೆಯಲ್ಲಿ ಸುಳ್ಳು ಬಯಲಾಗುತ್ತದೆ, ಆಮೇಲೆ ನಾವು ಹೇಳುವ ಯಾವ ಮಾತನ್ನು ಮಗು ನಂಬಬೇಕು?

ಆಗ ಅಜ್ಜಿ, ಯಾರೂ ಕೇಳದೆಯೇ, ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿದಳು. ತೋಳಿನ ಮೇಲ್ಭಾಗದಲ್ಲಿ ಎರಡು ದುಂಡು ಕಲೆ, ಹಳೆಯ ಎಂಟಾಣೆಯಗಲ. ಸಿಡುಬಿನ ಲಸಿಕೆಯವು. “ಹಾಕೋರು ಬಂದಾಗ ನಾನು ಬಣವೆ ಹಿಂದ ಅಡಗಿದ್ದೆ ಕಣೋ. ನಮ್ಮಪ್ಪ ಹುಡುಕಿ ಹೊತ್ಕೊಂಡು ಬಂದ. ನನಗೂ ಅಂಜಿಕೆ ಆಗಿತ್ತು.” ಹುಡುಗ ಬೆರಳಿಟ್ಟು ಕಲೆ ಮುಟ್ಟಿದ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬಿಡಿಸಿದ ಮೈಸೂರು ರಾಣಿಯರ ಚಿತ್ರ ನನಗೆ ನೆನಪಾಯಿತು. ಅದರಲ್ಲಿ ಕಿರಿಯ ರಾಣಿ ಸೆರಗನ್ನು ತುಸು ಸರಿಸಿ ತೋಳಿನ ಕಡೆ ಕೈ ತೋರುತ್ತಾಳೆ. ಅದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರರು ಓದಿದ್ದಾರೆ. ಅಜ್ಜಿಯ ತೋಳಿನ ಕಲೆಗಳಿಗೆ ನಾವೆಲ್ಲ ಋಣಿಗಳು. 1975ರ ನಂತರ ಈ ದೇಶದಲ್ಲಿ ಯಾರಿಗೂ ಸಿಡುಬು ತಗುಲಿಲ್ಲ, ಈ ಹುಡುಗನ ತೋಳಿಗೆ ಆ ಕಲೆ ಬೇಕಾಗಲೇ ಇಲ್ಲ.

ಒಳಗೆ ತಾಯಿ ಕುರ್ಚಿಯ ಮೇಲೆ ಕೂತು ಅವನನ್ನು ಮಡಿಲಿಗೆ ಎಳೆದುಕೊಂಡಳು. ಎದೆಗೆ ಎದೆ, ಅವನ ಕಾಲು ಅವಳ ತೊಡೆಗಳ ನಡುವೆ. ಅಪ್ಪುಗೆಯೂ ಹೌದು, ಅಲುಗದಂಥ ಹಿಡಿತವೂ ಹೌದು. ಅಜ್ಜಿಯ ತೆನೆ ನರ್ಸಮ್ಮನ ಕಣ್ಣಿಗೆ ಬಿತ್ತು.

“ಅಜ್ಜಿ, ಆ ತೆನಿ ಇವನ ಬಾಯಿ ಮುಂದೆ ಹಿಡೀರಿ. ಲೇ, ಕೆಂಡದಿಂದ ಈಗ ತೆಗ್ದಿದ್ದು ಅನ್ಕೋ. ಊದು. ಉದ್ದಕ್ಕೆ ಊದು.”

ಹುಡುಗ ಊದಿದ. ಕಪ್ಪಾದ ಕಾಳಿನ ಮೇಲಿನ ಬೂದಿಪುಡಿ ಹಾರಿತು. ಎರಡನೇ ಸಲ ಕೆನ್ನೆ ಉಬ್ಬಿಸಿ ಊದಿದಾಗ, ಉಸಿರು ಹೊರಗೆ ಹೋಗುತ್ತಿರುವಾಗಲೇ, ಅರ್ಧ ಮಿಲಿಲೀಟರು ಮದ್ದು ತೋಳಿನೊಳಗೆ ಹೋಯಿತು. ಊದು ತುಂಡಾಗಿ “ಹಾ!” ಎಂದಾಯಿತು. ಕಣ್ಣು ತುಂಬಿತು. ಉದ್ದಕ್ಕೆ ಉಸಿರು ಬಿಡುವಾಗ ಸ್ನಾಯು ಸಡಿಲವಾಗಿರುತ್ತದೆ, ಬಿಗಿದ ತೋಳಿಗೆ ಹೆಚ್ಚು ನೋವು. ಐದನೇ ವರ್ಷದ ಈ ಲಸಿಕೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳಿಗೆ. ಎಳವೆಯಲ್ಲಿ ಹಾಕಿಸಿದ್ದರ ಬಲ ವರ್ಷ ಕಳೆದಂತೆ ಕುಂದುವುದರಿಂದ ಮತ್ತೊಮ್ಮೆ ಬೇಕು.

“ನೋವಾತು” ಎಂದ ಹುಡುಗ, ದೂರಿನ ದನಿಯಲ್ಲಿ.

“ಹೌದು, ಆತು. ಈಗ?”

ಅವನು ಯೋಚಿಸಿದ. “ಸ್ವಲ್ಪ.”

ಅಕ್ಕನ ಸರದಿ ಬೇರೆ ತರಹದ್ದು. ಶಾಲೆಯಲ್ಲಿ ಲಸಿಕೆ ಹಾಕಿದ ದಿನ ಅವಳು ಹೋಗಿರಲಿಲ್ಲ. ಹುಡುಗಿ ಅಳುವುದಿಲ್ಲ, ಮಾತೂ ಇಲ್ಲ. ತುಟಿ ಮಾತ್ರ ಬೆಳ್ಳಗಾಗಿದೆ. ನನಗೆ ಅಳುವ ಮಕ್ಕಳಿಗಿಂತ ಇಂಥವರ ಬಗ್ಗೆಯೇ ಹೆಚ್ಚು ಚಿಂತೆ. ಈ ವಯಸ್ಸಿನವರು ಭಯವನ್ನು ನುಂಗಿಕೊಂಡು ನಿಂತಲ್ಲೇ ಕುಸಿಯುತ್ತಾರೆ. ಸೂಜಿ ಕಂಡೊಡನೆ ರಕ್ತದೊತ್ತಡ ಸರ್ರನೆ ಇಳಿಯುವುದರಿಂದ ಹಾಗಾಗುತ್ತದೆ, ಹೇಡಿತನದಿಂದಲ್ಲ. “ಹಿಂದೆ ಯಾವಾಗಾದ್ರೂ ಕಣ್ಣು ಕತ್ತಲೆ ಬಂದಿತ್ತಾ?” ಹುಡುಗಿ ತಲೆಯಾಡಿಸಿದಳು. ನರ್ಸಮ್ಮ ಅವಳನ್ನು ಚಾಪೆಯ ಮೇಲೆ ಮಲಗಿಸಿ, ಇನ್ನೊಂದು ಕೈಯ ಮುಷ್ಟಿ ಮತ್ತು ತೊಡೆ ಬಿಗಿ ಹಿಡಿದು ಬಿಡು, ಬಿಗಿ ಹಿಡಿದು ಬಿಡು ಎಂದರು. ಸೂಜಿಯ ತೋಳು ಮಾತ್ರ ಸಡಿಲ. ಹೀಗೆ ಮಾಡಿದರೆ ಒತ್ತಡ ಇಳಿಯದೆ ನಿಲ್ಲುತ್ತದೆ. ಮುಗಿದ ಮೇಲೂ ಸ್ವಲ್ಪ ಹೊತ್ತು ಮಲಗೇ ಇದ್ದಳು, ಬಣ್ಣ ಬರುವ ತನಕ.

ಇನ್ನು ಅರ್ಧ ಗಂಟೆ ಇಲ್ಲೇ ಕಾಯಬೇಕು. ಯಾವ ಲಸಿಕೆ, ರಾತ್ರಿ ಜ್ವರ ಬಂದರೆ ಏನು, ಮುಂದಿನದು ಯಾವಾಗ, ಕಾರ್ಡು ಜೋಪಾನ ಎಂದು ನರ್ಸಮ್ಮ ತಾಯಿಗೆ ಹೇಳುತ್ತಿದ್ದಾರೆ. ಅಜ್ಜಿ ಜಗಲಿಯಲ್ಲಿ ಕೂತು ತೆನೆ ಬಿಡಿಸಿ ಇಬ್ಬರ ಅಂಗೈಗೂ ಕಾಳು ಸುರಿಯುತ್ತಿದ್ದಾಳೆ. ಗುಡ್ಡದ ಮೋಡ ಸರಿದು ಕೋಟೆಗೋಡೆ ಪೂರ್ತಿ ಕಾಣುತ್ತಿದೆ.

ಅದೇ ಕಂಬದ ಹತ್ತಿರ ಈಗ ಇನ್ನೊಬ್ಬ ಹುಡುಗ ಬಂದು ನಿಂತಿದ್ದಾನೆ. ತೋಳಿಗೆ ಹತ್ತಿ ಒತ್ತಿಕೊಂಡವನನ್ನು ನೋಡಿ ಕೇಳಿದ, “ನೋವಾಗ್ತೈತೇನಲೇ?”

“ಆಗ್ತೈತಿ” ಎಂದ ನಮ್ಮ ಹುಡುಗ, ಬಾಯಿ ತುಂಬ ಕಾಳು ಅಗಿಯುತ್ತ. “ಕೆಂಪಿರುವೆಯಷ್ಟು.” ಆಮೇಲೆ ಅಜ್ಜಿಯ ಸೆರಗಿಗೆ ಕೈ ಹಾಕಿ ಇನ್ನೊಂದು ತೆನೆ ತೆಗೆದು ಅವನ ಮುಂದೆ ಹಿಡಿದ.