ಹೆಸರೊತ್ತಿದ ಹೆಂಚು

ಮನೆಯಲ್ಲಿ ತಟ್ಟೆಯ ಮುಂದೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಲು ಭಕ್ತಿ ಸಾಕು. ಹೋಟೆಲಿನಲ್ಲಿ ಅದನ್ನೇ ಮಾಡಲು ಸ್ವಲ್ಪ ಭಂಡತನವೂ ಬೇಕು. ಹೈದರಾಬಾದಿನ ಹಿಮಾಯತ್‌ನಗರದ ಟಿಫಿನ್ ಸೆಂಟರೊಂದರಲ್ಲಿ ಒಮ್ಮೆ ಪೆಸರಟ್ಟು ಬಂದೊಡನೆ ತಲೆ ತಗ್ಗಿಸಿದೆ. ಸರ್ವರ್ ಹುಡುಗ ಓಡಿ ಬಂದ. “ಏಮೈಂದಿ ಅಮ್ಮಾ, ತಲನೊಪ್ಪಾ?” ಏನಾಯ್ತಮ್ಮಾ, ತಲೆನೋವಾ ಎಂದು ತೆಲುಗಿನಲ್ಲಿ ಕೇಳಿದ.

“ಕಾದು ಬಾಬೂ, ಪ್ರಾರ್ಥನ”, ಅಲ್ಲಪ್ಪಾ, ಪ್ರಾರ್ಥನೆ ಎಂದೆ. ಅವನು ನಾಲಿಗೆ ಕಚ್ಚಿಕೊಂಡು, ನನ್ನ ಆಮೆನ್ ಆಗುವ ತನಕ ಚಟ್ನಿ ಬಕೆಟ್ ಹಿಡಿದು ಭಕ್ತಿಯಿಂದ ನಿಂತ. ನನಗೋ ಪ್ರಾರ್ಥನೆಯೇ ಮರೆತುಹೋಯಿತು.

ನಮ್ಮದು ಮಂಗಳೂರಿನ ಬಾಸೆಲ್ ಮಿಶನ್ ಮೂಲದ ಮನೆತನ. ಹಳೇ ಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿದರೆ ಹೆಂಚಿನ ಒಳಮೈಯಲ್ಲಿ ಇಂಗ್ಲಿಷಿನ ಉಬ್ಬಕ್ಷರಗಳು ಕಾಣುತ್ತಿದ್ದವು. ಬಾಸೆಲ್ ಮಿಶನ್ ಟೈಲ್ ವರ್ಕ್ಸ್, ಮಂಗಳೂರು, 1865. ನಾನು ಏಬಿಸಿಡಿ ಕಲಿತದ್ದು ಪುಸ್ತಕಕ್ಕಿಂತ ಮೊದಲು ಮಾಡಿನಿಂದ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮನಸ್ಸಿನೊಳಗೇ ಯೇಸುವನ್ನು ನಂಬಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದೀಕ್ಷಾಸ್ನಾನ ಪಡೆದರೋ, ಮನೆ, ಜಾತಿ, ಕಸುಬು ಮೂರೂ ಕೈತಪ್ಪುತ್ತಿದ್ದವು. 1844ರಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷೆ ಪಡೆದಾಗ ಊರಲ್ಲಿ ದೊಡ್ಡ ಗದ್ದಲವೆದ್ದಿತು. ಹೆಂಡತಿಯೂ ಅವರೊಡನೆ ಬರಲಿಲ್ಲ. ಅವರು ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಹೀಗೆ ಬೀದಿಗೆ ಬಿದ್ದವರ ಹೊಟ್ಟೆಪಾಡಿಗಾಗಿ ಮಿಶನ್ ಮಗ್ಗ ಹೂಡಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಜಾತಿ ಬಿಟ್ಟವರು ಸುಟ್ಟ ಹೆಂಚು ಯಾರ ಜಾತಿಯನ್ನೂ ಕೇಳದೆ ಎಲ್ಲರ ಮಾಡು ಹತ್ತಿತು.

ಅವರ ಮುಂದೆ ನನ್ನದೇನು ಮಹಾ! ನಾನು ತೆತ್ತದ್ದು ಒಂದು ತಣ್ಣಗಾದ ಪೆಸರಟ್ಟು. ಆದರೂ ಹೆಸರು ಒತ್ತಿಸಿಕೊಂಡರೆ ಒಂದು ಫಜೀತಿಯಿದೆ. ಹೆಂಚು ಸೋರಿದರೆ ಯಾರನ್ನು ಬೈಯಬೇಕೆಂದು ಮನೆಯವರಿಗೆ ಕತ್ತೆತ್ತಿದರೆ ಸಾಕು, ಗೊತ್ತಾಗುತ್ತದೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ‘ಚರ್ಚ್ ಆಂಟಿ’. ಭಾನುವಾರ ಬೆಳಿಗ್ಗೆ ಬೈಬಲ್ ಹಿಡಿದು ಲಿಫ್ಟಿನಲ್ಲಿ ಇಳಿಯುವುದನ್ನು ಎಲ್ಲರೂ ನೋಡಿದ್ದಾರೆ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಖರ್ಚು ಹಂಚುವಾಗ, ಊರಿಗೆ ಹೋದವರಿಗೆ ಅಷ್ಟು ದಿನದ ದುಡ್ಡು ಮಾಫಿ. ನಾನೂ ಮಂಗಳೂರಿಗೆ ಹೋಗಿ ಬಂದಿದ್ದೆ. ಇನ್ನೊಂದು ನಾಲ್ಕು ದಿನ ಸೇರಿಸಿ ಹೇಳಿದರೆ ಯಾರು ಟಿಕೆಟ್ ಕೇಳುತ್ತಾರೆ ಎಂದು ಮನಸ್ಸು ಪಿಸುಗುಟ್ಟಿತು. ಅಷ್ಟರಲ್ಲಿ ಸೆಕ್ರೆಟರಿ ಲೆಕ್ಕದ ಪುಸ್ತಕದಿಂದ ತಲೆಯೆತ್ತಿ, “ಮೀರು ಎನ್ನಿ ರೋಜುಲಂಟೇ ಅನ್ನಿ ರೋಜುಲು ಆಂಟೀ, ಮೀರು ಅಬದ್ಧಂ ಚೆಪ್ಪರು ಕದಾ” ಎಂದರು. ನಾನೆಷ್ಟು ದಿನವೆಂದರೆ ಅಷ್ಟೇ ದಿನ, ನಾನು ಸುಳ್ಳು ಹೇಳುವವಳಲ್ಲ ಎಂದು ಅವರ ಮಾತು. ಸುತ್ತ ಕೂತವರೆಲ್ಲ ಹೌದೆಂದು ತಲೆಯಾಡಿಸಿದರು.

ಬೆರಳು ಮಡಚಿ ಸರಿಯಾಗಿ ಎಣಿಸಿ, ಪೈಸೆ ಬಿಡದೆ ಕೊಟ್ಟೆ. ಗುಟ್ಟಾಗಿ ನಂಬುವವರಿಗೆ ಈ ಖರ್ಚು ಉಳಿಯುತ್ತದೆ.