ದೊಡ್ಡ ಪತ್ರಿಕೆಯಲ್ಲಿ ಒಂದು ಪುಟ

ಸಣ್ಣ ಪತ್ರಿಕೆ ನಡೆಸುವವರಿಗೆ ಓದುಗರನ್ನು ಹುಡುಕಿಕೊಳ್ಳುವ ದಾರಿಗಳು ಕಡಿಮೆ. ಜಾಹೀರಾತು ಕೊಡಲು ದುಡ್ಡಿರುವುದಿಲ್ಲ. ಅಂಗಡಿಯವರು ಎದುರಿಗೆ ಕಾಣುವಂತೆ ನೇತುಹಾಕುವುದಿಲ್ಲ. ಉಳಿಯುವುದು, ಹೆಚ್ಚು ಜನ ಓದುವ ಪತ್ರಿಕೆಗೆ ಒಳ್ಳೆಯ ಲೇಖನ ಬರೆದುಕೊಡುವುದು. ಇದನ್ನು ಸ್ವಪ್ರಚಾರವೆಂದು ಮೂಗು ಮುರಿಯುವವರಿದ್ದಾರೆ. ನನಗಂತೂ ಇದು ಮರ್ಯಾದೆಯ ದಾರಿ. ಬರೆಯುವವನನ್ನು ಬರಹದಿಂದಲ್ಲದೆ ಇನ್ನು ಯಾವುದರಿಂದ ಗುರುತಿಸಬೇಕು?

ಲಂಕೇಶರು 1980ರಲ್ಲಿ ತಮ್ಮ ವಾರಪತ್ರಿಕೆ ತೆಗೆಯುವ ಮುಂಚೆ ಪ್ರಜಾವಾಣಿಗೆ ಅಂಕಣ ಬರೆದಿದ್ದರು. ಜಾಹೀರಾತನ್ನೇ ಹಾಕದ ಪತ್ರಿಕೆಯನ್ನು ಜನ ಕಾಸು ಕೊಟ್ಟು ಕೊಂಡರೆಂದರೆ, ಆ ಗದ್ಯದ ರುಚಿ ಹಲವರಿಗೆ ಮೊದಲೇ ಹತ್ತಿದ್ದೂ ಒಂದು ಕಾರಣ.

ನನಗೆ ಇನ್ನೂ ಹತ್ತಿರದ್ದು ಪುತ್ತೂರಿನ ‘ಅಡಿಕೆ ಪತ್ರಿಕೆ’. 1988ರಲ್ಲಿ ಹುಟ್ಟಿದ ಈ ಮಾಸಿಕದ ಹಟವೇ ಕೃಷಿಕರ ಕೈಗೆ ಲೇಖನಿ ಕೊಡುವುದು. ಇದನ್ನು ಕಟ್ಟಿದ ಶ್ರೀಪಡ್ರೆಯವರು ವಿಜಯ ಕರ್ನಾಟಕದಲ್ಲಿ ನೆಲ-ಜಲದ ಬಗ್ಗೆ ಅಂಕಣ ಬರೆದರು. ಅಡಿಕೆ ತೋಟವನ್ನೇ ಕಾಣದ ಬಯಲುಸೀಮೆಯವರಿಗೂ ಮಳೆನೀರು ಇಂಗಿಸುವ ಮಾತು ತಲುಪಿತು. ಪಡ್ರೆಯವರ ಬರವಣಿಗೆಯಲ್ಲಿ ನನಗೆ ಹಿಡಿಸುವುದು ಅದರ ಉಪಯುಕ್ತತೆ: ಯಾವ ಊರಿನವರು, ಏನು ಮಾಡಿದರು, ಬಾವಿಗೆ ಏನಾಯಿತು. ಅಡಿಕೆ ಪತ್ರಿಕೆಯಲ್ಲಂತೂ ಲೇಖನದ ಕೊನೆಗೆ ಆ ಕೃಷಿಕರ ಫೋನ್ ನಂಬರೂ ಇರುತ್ತದೆ. ಓದಿದವರು ನೇರವಾಗಿ ಕೇಳಿ ತಿಳಿದುಕೊಳ್ಳಬಹುದು. ಅಂಥ ಬರಹ ಓದಿದವರಿಗೆ ಬರೆದವರ ವಿಳಾಸ ಹುಡುಕಬೇಕೆನಿಸುವುದು ಸಹಜ.

ಇದಕ್ಕೆ ತದ್ವಿರುದ್ಧವಾದ ಲೇಖನಗಳೂ ಇವೆ. ಅರ್ಧ ಹೇಳಿ, ‘ಉಳಿದದ್ದಕ್ಕೆ ನಮ್ಮ ಪತ್ರಿಕೆ ಓದಿ’ ಎಂದು ನಿಲ್ಲಿಸುವಂಥವು. ಓದುಗರಿಗೆ ಕೂಡಲೇ ಗೊತ್ತಾಗುತ್ತದೆ, ಸಂಪಾದಕರಿಗೆ ಅದಕ್ಕಿಂತ ಮುಂಚೆ. ಮಿಕ್ಕಿದ್ದನ್ನು ಹೊರಗೆ ಕೊಟ್ಟು ಒಳ್ಳೆಯದನ್ನು ಮನೆಗಿಟ್ಟುಕೊಳ್ಳುವುದೂ ಅಷ್ಟೇ ದಂಡ. ನಮ್ಮ ಹೆಸರೇ ಕೇಳದವರ ಮುಂದೆ ನಾವು ಮೊದಲ ಸಲ ನಿಲ್ಲುವುದು ಅಲ್ಲಿ. ಕೈಯಲ್ಲಿರುವ ಅತ್ಯುತ್ತಮವಾದದ್ದೇ ಅಲ್ಲಿಗೆ ಹೋಗಬೇಕು, ಪೂರ್ತಿಯಾಗಿ. ಕಳಿಸುವ ಮುಂಚೆ ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಕೂತು ಓದಬೇಕು. ಯಾವ ಪುಟಕ್ಕೆ ಎಷ್ಟು ಪದ, ಆ ವಿಷಯ ಈಚೆಗೆ ಬಂದಿದೆಯೇ, ಅಲ್ಲಿನ ಓದುಗರಿಗೆ ಏನು ಗೊತ್ತು, ಏನು ಬೇಕು. ಒಂದೇ ಲೇಖನವನ್ನು ಎರಡು ಕಡೆಗೆ ಕಳಿಸಿ ಎರಡರಲ್ಲೂ ಅಚ್ಚಾದರೆ ಎರಡೂ ಬಾಗಿಲು ಮುಚ್ಚುತ್ತವೆ. ಮುಚ್ಚುವುದು ನ್ಯಾಯವೂ ಹೌದು.

ನಮ್ಮ ಪತ್ರಿಕೆಯ ಹೆಸರಿಗೆ ಲೇಖನದ ಕೆಳಗಿನ ಒಂದು ಸಾಲು ಸಾಕು: ಇಂಥವರು, ಇಂಥ ಮಾಸಿಕದ ಸಂಪಾದಕರು, ಊರು, ನಂಬರು. ಹಿಂದೆ ಆ ಒಂದು ಸಾಲಿನಿಂದಲೇ ಮನಿಯಾರ್ಡರ್ ಬರುತ್ತಿತ್ತು. ಫಾರಮ್ಮಿನ ತುದಿಯ ಕೂಪನ್ನಿನಲ್ಲಿ, ಬೆರಳಗಲದ ಜಾಗದಲ್ಲಿ, ಲೇಖನ ಓದಿದೆ, ಚಂದಾ ಕಳಿಸಿದ್ದೇನೆ, ಹಳೆಯ ಸಂಚಿಕೆ ಇದ್ದರೆ ಅದನ್ನೂ ಕಳಿಸಿ ಎಂದು ಒತ್ತೊತ್ತಾಗಿ ಬರೆದಿರುತ್ತಿದ್ದರು. ಈಗ ಅದೇ ಮಾತು ವಾಟ್ಸಾಪಿನಲ್ಲಿ ಬರುತ್ತದೆ.

ಹಾಗೆ ಬಂದವರಿಗೆ ಆ ವಾರವೇ ಉತ್ತರ ಬರೆಯಬೇಕು. ಅವರ ಕೈಗೆ ಹೋಗುವ ಮೊದಲ ಸಂಚಿಕೆಯಲ್ಲಿ ಅದೇ ವಿಷಯದ ಮುಂದಿನ ಲೇಖನ ಇರುವಂತೆ, ಹೊರಗೆ ಕಳಿಸುವ ದಿನವೇ ಅದನ್ನೂ ಬರೆದಿಟ್ಟುಕೊಂಡಿರಬೇಕು.